ಮೇಸ್ತ್ರಿಗೆ ಕೇಳಿ: ಪುಶ್‌ರಾಡ್ ಯಾಕೆ ಇಷ್ಟು ಬೇಗ ತಂದಿರಿ?

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಕ್ಯಾಮಿನ, ಅಂದರೆ ಎಂಜಿನ್ನಿನ ವಾಲ್ವ್ ತೆರೆಸಿ ಮುಚ್ಚಿಸುವ ದಂಡದ, ಸುತ್ತಲೇ ಇದ್ದವು. ಅದರಲ್ಲೊಂದು ಮಿಷಿಗನ್‌ನಿಂದ ಬಂದದ್ದು. ನಾನು ಹದಿನೆಂಟು ವರ್ಷ ಹೆಡ್ ಫೇಸಿಂಗ್ (ಸಿಲಿಂಡರಿನ ಮೇಲೆ ಕೂರುವ ಹೆಡ್ಡಿನ ತಳ ಉಜ್ಜಿ ಮಟ್ಟ ಮಾಡುವುದು) ಮಾಡಿ ಹೊಟ್ಟೆ ಹೊರೆದದ್ದು ಆ ಊರಿನ ಪಕ್ಕದಲ್ಲೇ. ಅದಕ್ಕೆ ಜಾಗ ಜಾಸ್ತಿ ಹೋಗಿದೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮಸ್ಕಾರ ಮೇಸ್ತ್ರಿಗಳೇ. ನಾನು ಹಾಸನದವನು, ಈಗ ಡೆಟ್ರಾಯಿಟ್ ಹತ್ತಿರದ ನೋವೈಯಲ್ಲಿದ್ದೇನೆ. ಸಾಫ್ಟ್‌ವೇರ್ ಕೆಲಸ. 2002ರ ಷೆವರ್ಲೆ ಕ್ಯಾಮರೋ ಎಸ್‌ಎಸ್ ಇದೆ. ಎಲ್‌ಎಸ್1 ವಿ8 ಎಂಜಿನ್, ಆರು ಗೇರು, 94 ಸಾವಿರ ಮೈಲಿ ಓಡಿದೆ. ಎರಡೂ ಹೆಡ್ಡು ಮತ್ತು ಕ್ಯಾಮ್ ಬದಲಿಸಬೇಕೆಂಬ ಆಸೆ. ಗುಜರಿಯಲ್ಲಿ 243 ನಂಬರಿನ ಒಂದು ಜೊತೆ ಹೆಡ್ ಸಿಕ್ಕಿತು, 30 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಫೇಸಿಂಗ್ ಆಗಿದೆ ಅಂದರು. ಗೆಳೆಯನೊಬ್ಬ ಕ್ಯಾಮ್ ಕೊಟ್ಟ: 228/230 ಡ್ಯುರೇಶನ್ (ಎರಡು ಬಗೆಯ ವಾಲ್ವ್ ತೆರೆದಿರುವ ಡಿಗ್ರಿ), ಲಿಫ್ಟ್ (ವಾಲ್ವ್ ತೆರೆಯುವ ಎತ್ತರ) 0.590 ಇಂಚು, ಲೋಬ್ ಸೆಪರೇಶನ್ (ಲೋಬ್, ಅಂದರೆ ಕ್ಯಾಮಿನ ಉಬ್ಬುಗಳ ನಡುವಿನ ಕೋನ) 112 ಡಿಗ್ರಿ. ತೆಳು ಗ್ಯಾಸ್ಕೆಟ್, 7.400 ಇಂಚಿನ ಪುಶ್‌ರಾಡ್ ಕೂಡ ತರಿಸಿಟ್ಟಿದ್ದೇನೆ. ಹೆಡ್ಡಿನಲ್ಲಿರುವ ಸ್ಪ್ರಿಂಗೇ ಸಾಕು ಅಂತಾರೆ. ಹಳೇ ಹೆಡ್ ಬೋಲ್ಟ್ ಚೆನ್ನಾಗೇ ಕಾಣುತ್ತವೆ. ಥ್ಯಾಂಕ್ಸ್‌ಗಿವಿಂಗ್ ರಜೆಯ ನಾಲ್ಕು ದಿನದಲ್ಲಿ ಮನೆ ಗ್ಯಾರೇಜಿನಲ್ಲೇ ಮುಗಿಸಬಹುದೇ? ಮುಂದಿನ ಆಗಸ್ಟ್‌ನಲ್ಲಿ ವುಡ್‌ವರ್ಡ್ ಕ್ರೂಸ್‌ಗೆ, ಅಂದರೆ ಇಲ್ಲಿನ ಹಳೇ ಗಾಡಿಗಳ ಮೆರವಣಿಗೆಗೆ, ಗಾಡಿ ಒಯ್ಯಬೇಕು.

ಉತ್ತರ: ಪತ್ರ ಎರಡು ಸಲ ಓದಿದೆ. ಹಳೇ ಬೋಲ್ಟ್ ಅಂದಲ್ಲಿ ನಕ್ಕೆ, ನಾಲ್ಕು ದಿನ ಅಂದಲ್ಲೂ ನಕ್ಕೆ. ಪುಶ್‌ರಾಡ್ ತರಿಸಿಟ್ಟಿದ್ದೇನೆ ಅಂದಲ್ಲಿ ಮಾತ್ರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ. ಇಡೀ ಕೆಲಸದಲ್ಲಿ ಕಟ್ಟಕಡೆಗೆ ಕೊಳ್ಳಬೇಕಾದ ಸಾಮಾನು ಅದೊಂದೇ, ನೀವು ಅದನ್ನೇ ಮೊದಲು ತಂದಿದ್ದೀರಿ. ಅಳತೆ ಕೊಡದೆ ರವಿಕೆ ಹೊಲಿಸಿದ ಹಾಗಾಯಿತು.

ಯಾಕೆ ಅಂತ ಹೇಳುತ್ತೇನೆ. ಎಲ್‌ಎಸ್1ರಲ್ಲಿ ಕ್ಯಾಮ್ ಇರುವುದು ಹೆಡ್ಡಿನಲ್ಲಲ್ಲ, ಬ್ಲಾಕಿನ ಹೊಟ್ಟೆಯಲ್ಲಿ, ವಿ ಆಕಾರದ ನಡುವೆ. ಅದರ ಲೋಬ್ ಮೇಲೆ ರೋಲರ್ ಲಿಫ್ಟರ್, ಅದರ ಮೇಲೆ ಉದ್ದ ಕಡ್ಡಿಯಂಥ ಪುಶ್‌ರಾಡ್, ಅದರ ತಲೆಗೆ ಏತದ ಹಾಗೆ ಆಡುವ ರಾಕರ್, ಆಚೆ ತುದಿಗೆ ವಾಲ್ವ್. ಲಿಫ್ಟರ್ ಒಳಗೊಂದು ಪುಟ್ಟ ಪ್ಲಂಜರ್ ಇದೆ, ಆಯಿಲ್ ಒತ್ತಡದಲ್ಲಿ ಕೆಲಸ ಮಾಡುವಂಥದ್ದು. ವಾಲ್ವ್ ಮುಚ್ಚಿರುವಾಗ ಅದು ಸುಮಾರು 50ರಿಂದ 80 ಥೌ ಒಳಕ್ಕೆ ಒತ್ತಿಕೊಂಡಿರಬೇಕು. ರಾಡ್ ಗಿಡ್ಡವಾದರೆ ಟಕಟಕ ಸದ್ದು. ಉದ್ದವಾದರೆ ವಾಲ್ವ್ ಪೂರ್ತಿ ಕೂರುವುದೇ ಇಲ್ಲ, ಕಂಪ್ರೆಷನ್ ಸೋರಿ ಸೀಟು ಸುಡುತ್ತದೆ.

ನಿಮ್ಮ ಹೆಡ್ಡಿನಲ್ಲಿ 30 ಥೌ ಉಜ್ಜಿದ್ದಾರೆ ಅಂದರೆ ರಾಕರ್ ಅಷ್ಟು ಕೆಳಗೆ ಇಳಿಯಿತು. ರಾಡ್ ಅಷ್ಟು ಗಿಡ್ಡ ಬೇಕು. ಗ್ಯಾಸ್ಕೆಟ್ ತೆಳುವಾದರೆ ಇನ್ನೂ ಗಿಡ್ಡ. ಕ್ಯಾಮಿನ ಕಡೆಯಿಂದ ನೋಡಿದರೆ ಲೆಕ್ಕ ಉಲ್ಟಾ. ಕ್ಯಾಮನ್ನು ಮುಂದಿನಿಂದ 55 ಮಿಲಿಮೀಟರ್ ಬೇರಿಂಗ್ ತೂತುಗಳ ಮೂಲಕ ತೂರಿಸಿ ಕೂರಿಸಬೇಕು, ಹಾಗಾಗಿ ಲೋಬಿನ ಮೂಗು ಆ ಅಳತೆ ಮೀರುವಂತಿಲ್ಲ. ಲಿಫ್ಟ್ ಜಾಸ್ತಿ ಬೇಕೆಂದರೆ ಮೂಗು ಬೆಳೆಸಲು ಜಾಗವಿಲ್ಲ, ಬೆನ್ನು ಕೆತ್ತುತ್ತಾರೆ. ಬೆನ್ನು ಕೆತ್ತಿದಷ್ಟು ಲಿಫ್ಟರ್ ಕೆಳಗೆ ಕೂರುತ್ತದೆ, ರಾಡ್ ಉದ್ದ ಬೇಕು. ಒಂದು ಗಿಡ್ಡ ಕೇಳುತ್ತದೆ, ಇನ್ನೊಂದು ಉದ್ದ ಕೇಳುತ್ತದೆ. ಕೊನೆಗೆ 7.400ಕ್ಕೇ ಬಂದು ನಿಂತರೂ ನಿಲ್ಲಬಹುದು, 7.350ಕ್ಕೂ ಇಳಿಯಬಹುದು. ಉದ್ದ ಹೊಂದಿಸುವ ಚೆಕ್ಕಿಂಗ್ ಪುಶ್‌ರಾಡ್ ಅಂತ ಸಿಗುತ್ತದೆ. ಹೆಡ್ ಕೂರಿಸಿ ಅದರಲ್ಲಿ ಅಳೆದು ಆಮೇಲೆ ಆರ್ಡರ್ ಮಾಡಿ. ತಂದದ್ದನ್ನು ವಾಪಸ್ ಕೊಡಲಾಗುತ್ತದಾ ನೋಡಿ, ಪೊಟ್ಟಣ ಒಡೆಯಬೇಡಿ.

ಇನ್ನು 30 ಥೌ ಅನ್ನುವ ಮಾತು. ಗುಜರಿಯವನ ಬಾಯಲ್ಲಿ ಬಂದ ಅಳತೆ ಅಳತೆಯಲ್ಲ. ನೀವೇ ಅಳೆಯಿರಿ, ಕಷ್ಟವೇನಿಲ್ಲ. ಹೆಡ್ಡನ್ನು ಬೋರಲು ಹಾಕಿ ಮಟ್ಟಸವಾಗಿಡಿ. ಸ್ಪಾರ್ಕ್ ಪ್ಲಗ್ ಬಿಗಿ ಮಾಡಿ, ವಾಲ್ವ್ ಸೀಟಿಗೆ ಒಂಚೂರು ಗ್ರೀಸ್ ಸವರಿ. ಛೇಂಬರ್ ಬಾಯಿಗೆ ಎರಡು ತೂತಿನ ಪರ್‌ಸ್ಪೆಕ್ಸ್ ತುಂಡು ಮುಚ್ಚಿ, ಒಂದು ತೂತಿನಿಂದ ಬ್ಯೂರೆಟ್ಟಿನಲ್ಲಿ ಬಣ್ಣದ ನೀರು ಬಿಡಿ, ಇನ್ನೊಂದರಿಂದ ಗಾಳಿ ಹೋಗಲಿ. ಎಷ್ಟು ಸಿಸಿ ಹಿಡಿಯಿತೋ ಅದೇ ಛೇಂಬರ್. ಬ್ಯೂರೆಟ್ ಇಲ್ಲದಿದ್ದರೆ ಔಷಧಿ ಅಂಗಡಿಯ ದೊಡ್ಡ ಸಿರಿಂಜ್ ಆದೀತು. ನಾನು ಅರಸೀಕೆರೆಯಲ್ಲಿ ಮಾವನ ಲಾರಿ ಗ್ಯಾರೇಜಿನಲ್ಲಿದ್ದಾಗ ಕಲಿತದ್ದೇ ಸಿರಿಂಜಿನಲ್ಲಿ. ಬಣ್ಣಕ್ಕೆ ಕುಂಕುಮ ಕಲಸಿ ಅತ್ತೆಯ ಹತ್ತಿರ ಬೈಸಿಕೊಂಡಿದ್ದೆ.

243 ಹೆಡ್ ಕಂಪನಿಯಿಂದ ಬಂದಾಗ ಸುಮಾರು 64.5 ಸಿಸಿ. 30 ಥೌ ಹೋದರೆ ಹತ್ತಿರ ಹತ್ತಿರ 5 ಸಿಸಿ ಹೋಗುತ್ತದೆ, 59.5 ಅಂತಿಟ್ಟುಕೊಳ್ಳಿ. ನಿಮ್ಮ ಎಂಜಿನ್ನಿನ ಬೋರ್ 99 ಮಿಲಿಮೀಟರ್, ಸ್ಟ್ರೋಕ್ 92, ಒಂದೊಂದು ಸಿಲಿಂಡರಿಗೆ 708 ಸಿಸಿ. ಕಂಪನಿ ದಪ್ಪದ ಗ್ಯಾಸ್ಕೆಟ್ ಸುಮಾರು 10 ಸಿಸಿ ಜಾಗ ಕೊಡುತ್ತದೆ. ಎಲ್‌ಎಸ್ ಪಿಸ್ಟನ್ ಮೇಲಿನ ತುದಿಯಲ್ಲಿ ಬ್ಲಾಕಿಗಿಂತ ಕೂದಲೆಳೆ ಮೇಲಕ್ಕೆ ಬರುತ್ತದೆ, ಅಲ್ಲಿ ಒಂದೂವರೆ ಸಿಸಿ ಕಳೆಯಿರಿ. ಉಳಿದದ್ದು 68. 708ನ್ನು 68ರಿಂದ ಭಾಗಿಸಿ ಒಂದು ಕೂಡಿಸಿದರೆ ಕಂಪ್ರೆಷನ್ ಅನುಪಾತ 11.4. ಕಂಪನಿಯಿಂದ ಬಂದಾಗ ನಿಮ್ಮ ಗಾಡಿ ಹತ್ತು ಚಿಲ್ಲರೆ ಇತ್ತು. ಮಿಷಿಗನ್ ಬಂಕಿನ 93 ಆಕ್ಟೇನ್ ಪೆಟ್ರೋಲಿಗೆ 11.4 ನಡೆಯುತ್ತದೆ, ಟ್ಯೂನ್ ಮಾಡುವವನು ಬುದ್ಧಿವಂತನಾಗಿದ್ದರೆ. ಆದರೆ ಆ ತೆಳು ಗ್ಯಾಸ್ಕೆಟ್ 40 ಥೌ ಇದ್ದರೆ 11.7ಕ್ಕೆ ಏರುತ್ತದೆ. ಅದು ಬೇಡ. ಕಂಪನಿ ದಪ್ಪದ್ದೇ ಹಾಕಿ.

ತೆಳು ಗ್ಯಾಸ್ಕೆಟ್ ಬೇಡ ಅನ್ನಲು ಇದಕ್ಕಿಂತ ದೊಡ್ಡ ಕಾರಣ ಇದೆ. ಎಲ್‌ಎಸ್1 ಪಿಸ್ಟನ್ ತಲೆ ಚಪಾತಿಯ ಹಾಗೆ ಮಟ್ಟಸ, ವಾಲ್ವಿಗೆ ಅಂತ ಗುಳಿ ಕೆತ್ತಿಲ್ಲ. ಹೆಡ್ಡಿನಲ್ಲಿ ಉಜ್ಜಿದ ಥೌ ಎಲ್ಲ ವಾಲ್ವನ್ನು ಪಿಸ್ಟನ್ ಹತ್ತಿರಕ್ಕೆ ತರುತ್ತದೆ. 228ರ ಕ್ಯಾಮಿನಲ್ಲಿ ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವ್ ಮುಂಚಿಗಿಂತ ಜಾಸ್ತಿ ತೆರೆದಿರುತ್ತದೆ. ಗಾಳಿ ಒಳಬಿಡುವ ಇನ್‌ಟೇಕಿಗೆ 80 ಥೌ, ಹೊಗೆ ಹೊರಬಿಡುವ ಎಕ್ಸಾಸ್ಟಿಗೆ 100 ಥೌ ಅಂತರ ಬೇಕೇ ಬೇಕು. ತಾಗುವ ಅಪಾಯ ಇರುವುದು ಲಿಫ್ಟಿನ ತುದಿಯಲ್ಲಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಷ್ಟೊತ್ತಿಗೆ ಪಿಸ್ಟನ್ ಎಷ್ಟೋ ಕೆಳಗೆ ಹೋಗಿರುತ್ತದೆ. ಎಕ್ಸಾಸ್ಟ್ ಮುಚ್ಚುತ್ತಿರುವಾಗ ಪಿಸ್ಟನ್ ಅಟ್ಟಿಸಿಕೊಂಡು ಬರುತ್ತದೆ, ಇನ್‌ಟೇಕ್ ತೆರೆಯುವಾಗ ವಾಲ್ವ್ ಪಿಸ್ಟನ್ನನ್ನು ಅಟ್ಟಿಸಿಕೊಂಡು ಹೋಗುತ್ತದೆ. ಎರಡೂ ಟಾಪ್ ಡೆಡ್ ಸೆಂಟರಿನಿಂದ (ಪಿಸ್ಟನ್ ಪೂರ್ತಿ ಮೇಲೆ ಬಂದ ಬಿಂದು) ಹತ್ತು ಡಿಗ್ರಿ ಆಚೀಚೆ.

ಪಿಸ್ಟನ್ ಮೇಲೆ ಜೇಡಿ ಇಟ್ಟು ಎಂಜಿನ್ ತಿರುಗಿಸಿ ಅಚ್ಚು ನೋಡುವುದು ಹಳೇ ಪದ್ಧತಿ. ಹೈಡ್ರಾಲಿಕ್ ಲಿಫ್ಟರಿರುವ ಎಂಜಿನ್ನಿನಲ್ಲಿ ಅದು ಮೋಸ ಮಾಡುತ್ತದೆ. ಗಟ್ಟಿ ಸ್ಪ್ರಿಂಗಿಗೆ ಲಿಫ್ಟರಿನ ಪ್ಲಂಜರ್ ಕುಸಿದು ವಾಲ್ವ್ ಕಡಿಮೆ ತೆರೆಯುತ್ತದೆ, ಜಾಗ ಬೇಕಾದಷ್ಟಿದೆ ಅಂತ ಜೇಡಿ ಸುಳ್ಳು ಹೇಳುತ್ತದೆ. ಒಂದು ಸಿಲಿಂಡರಿನ ಎರಡು ವಾಲ್ವಿಗೆ ಮೆತ್ತನೆಯ ಚೆಕ್ಕಿಂಗ್ ಸ್ಪ್ರಿಂಗ್ ಹಾಕಿ, ಡಯಲ್ ಗೇಜ್ ಕೂರಿಸಿ. ಕ್ರ್ಯಾಂಕಿಗೆ ಡಿಗ್ರಿ ಚಕ್ರ ಕಟ್ಟಿ, 20 ಡಿಗ್ರಿ ಹಿಂದಿನಿಂದ 20 ಡಿಗ್ರಿ ಮುಂದಿನವರೆಗೆ ಎರಡೆರಡು ಡಿಗ್ರಿ ತಿರುಗಿಸುತ್ತ, ಪ್ರತಿ ಸಲ ರಾಕರನ್ನು ಬೆರಳಲ್ಲಿ ಒತ್ತಿ ವಾಲ್ವ್ ಪಿಸ್ಟನ್‌ಗೆ ತಾಗುವವರೆಗಿನ ದೂರ ಬರೆದುಕೊಳ್ಳಿ. ಈ ಕೆಲಸಕ್ಕೆ ಹೆಡ್ಡನ್ನು ಕೂರಿಸಬೇಕಲ್ಲ, ಆಗ ಬಳಸಿ ಆ ಹಳೇ ಬೋಲ್ಟುಗಳನ್ನು, ಹಳೇ ಗ್ಯಾಸ್ಕೆಟ್ಟನ್ನು. ಅಲ್ಲಿಗೆ ಅವುಗಳ ಋಣ ತೀರಿತು.

ಕ್ಯಾಮ್ ಕೂರಿಸುವಾಗ ಕ್ಯಾಮ್ ಗೇರಿನ ಚುಕ್ಕೆ ಗಡಿಯಾರದ ಆರಕ್ಕೆ, ಕ್ರ್ಯಾಂಕ್ ಗೇರಿನದು ಹನ್ನೆರಡಕ್ಕೆ. ಚುಕ್ಕೆ ಕೂಡಿತು ಅಂತ ಎದ್ದು ಕೈ ತೊಳೆಯಬೇಡಿ. ಡಿಗ್ರಿ ಚಕ್ರ ಹೇಗೂ ಕಟ್ಟಿರುತ್ತೀರಿ, ಕ್ಯಾಮಿನ ಜೊತೆ ಬಂದ ಕಾರ್ಡಿನ ಅಂಕಿ ತಾಳೆ ಆಗುತ್ತದಾ ನೋಡಿ. ಗೆಳೆಯ ಕಾರ್ಡ್ ಕೊಟ್ಟಿದ್ದಾರೆ ತಾನೆ? ಕ್ಯಾಮ್ ಎರಡು ಡಿಗ್ರಿ ಮುಂದೆ ಕೂತರೂ ಇನ್‌ಟೇಕ್ ವಾಲ್ವ್ ಪಿಸ್ಟನ್‌ಗೆ ಇನ್ನಷ್ಟು ಹತ್ತಿರವಾಗುತ್ತದೆ.

ಸ್ಪ್ರಿಂಗ್ ವಿಷಯದಲ್ಲಿ ವಾದವೇ ಬೇಡ. ಆ ಹೆಡ್ಡಿನ ಸ್ಪ್ರಿಂಗ್ ಮಾಡಿದ್ದು 0.550 ಇಂಚಿನ ಆಸುಪಾಸಿನ ಲಿಫ್ಟಿಗೆ, ಅದೂ ಇಪ್ಪತ್ತು ವರ್ಷದ ಹಿಂದೆ. 0.590ಕ್ಕೆ ಒತ್ತಿದರೆ ಸುರುಳಿ ಸುರುಳಿಗೆ ತಾಗುವ ಅಂಚಿಗೆ ಬರುತ್ತದೆ. ಸ್ಪ್ರಿಂಗ್ ಮುರಿದು ವಾಲ್ವ್ ಸಿಲಿಂಡರಿನೊಳಗೆ ಬಿದ್ದ ಎಂಜಿನ್ ಬಿಚ್ಚಿದವನಿಗೆ ಗೊತ್ತು ಅದರ ಕಥೆ. 0.600 ಅಥವಾ ಅದಕ್ಕೂ ಮೇಲಿನ ಲಿಫ್ಟಿಗೆ ಮಾಡಿದ ಹೊಸ ಸೆಟ್ ತನ್ನಿ, ರಿಟೇನರ್, ಸೀಲ್ ಸಮೇತ. ಕೂತ ಎತ್ತರ 1.800 ಇಂಚು ಇದೆಯಾ ಒಂದೊಂದನ್ನೂ ಅಳೆಯಿರಿ. ಹೆಡ್ ಹೇಗೂ ಮೆಷಿನ್ ಶಾಪಿಗೆ ಹೋಗಬೇಕು. ಬಿರುಕಿಗೆ ಪ್ರೆಷರ್ ಟೆಸ್ಟ್, ಗೈಡ್ ಸವೆತ, ವಾಲ್ವ್ ಸೀಟು, ಎಲ್ಲ ಒಂದೇ ಸಲ ಆಗಲಿ. ಇನ್ನೊಂದು ಸಲ ಫೇಸಿಂಗ್ ಮಾಡೋಣ ಅಂದರೆ ಬೇಡ ಅನ್ನಿ.

ಈಗ ನಾಲ್ಕು ದಿನದ ಲೆಕ್ಕ. ಬಿಚ್ಚಲು ಎರಡು ದಿನ. ಕ್ಯಾಮರೋದಲ್ಲಿ ಎಂಜಿನ್ನಿನ ಹಿಂಭಾಗ ವಿಂಡ್‌ಶೀಲ್ಡ್ ಕೆಳಗೆ ನುಸುಳಿಕೊಂಡಿದೆ, ಕೊನೆಯ ಸಿಲಿಂಡರ್‌ಗಳ ಹತ್ತಿರ ಕೈ ಹೋಗುವುದೇ ತ್ರಾಸ. ಕ್ಯಾಮ್ ಮುಂದಕ್ಕೆ ಎಳೆಯಲು ರೇಡಿಯೇಟರ್ ತೆಗೆಯಬೇಕು. ಅಳತೆಗೆ ಎರಡು ದಿನ. ಅಲ್ಲಿಗೆ ರಜೆ ಮುಗಿಯಿತು. ಹೆಡ್ ಶಾಪಿನಿಂದ ಬರಬೇಕು, ಪುಶ್‌ರಾಡ್ ಆರ್ಡರ್ ಆಗಿ ಬರಬೇಕು. ನೋವೈಯಲ್ಲಿ ಡಿಸೆಂಬರ್‌ನಿಂದ ರಸ್ತೆಗೆ ಉಪ್ಪು ಸುರಿಯುತ್ತಾರೆ, ಬುದ್ಧಿಯಿದ್ದವರು ಆ ಗಾಡಿಯನ್ನು ಏಪ್ರಿಲ್‌ವರೆಗೆ ಹೊರಗೆ ತೆಗೆಯುವುದಿಲ್ಲ. ವುಡ್‌ವರ್ಡ್ ಆಗಸ್ಟಿನ ಮೂರನೇ ಶನಿವಾರ. ಅವಸರ ಯಾರಿಗೆ?

ಒಂದು ಬೋಲ್ಟನ್ನೂ ಮುಟ್ಟುವ ಮುಂಚೆ ಎಂಟೂ ಸಿಲಿಂಡರಿನ ಕಂಪ್ರೆಷನ್ ಅಳೆದು ಬರೆದಿಡಿ. ಅತಿ ಕಡಿಮೆ ಇರುವುದು ಅತಿ ಹೆಚ್ಚಿನದರ ಶೇ 70ಕ್ಕಿಂತ ಕೆಳಗಿರಬಾರದು. ಪಿಸ್ಟನ್ ರಿಂಗೇ ಸೋರುತ್ತಿದ್ದರೆ ಹೊಸ ಹೆಡ್ ಹಾಕುವುದು ಸೋರುವ ಹಂಡೆಗೆ ಬೆಳ್ಳಿ ಮುಚ್ಚಳ ಮಾಡಿಸಿದ ಹಾಗೆ.

ಇನ್ನು ನನ್ನ ಪಾಪದ ಕಥೆ. ಮಿಷಿಗನ್‌ನಲ್ಲಿ ಶಾಪ್ ಸೇರಿದ ಮೂರನೇ ವರ್ಷ ಇರಬೇಕು, ಇದೇ ಎಲ್‌ಎಸ್1, ಇದೇ ಕೆಲಸ. ಹೆಡ್ ಎತ್ತಿದ ಕೂಡಲೇ ಒಳಗಿನ ಕೂಲಂಟ್ ಸುರಿದು ಬೋಲ್ಟ್ ತೂತುಗಳಿಗೆ ಇಳಿಯುತ್ತದೆ. ಆ ತೂತುಗಳಿಗೆ ತಳ ಉಂಟು, ಆಚೆ ದಾರಿ ಇಲ್ಲ. ಬನಿಯನ್ ವೇಸ್ಟ್ ಸುತ್ತಿ ಒರೆಸಿದೆ, ಮೇಲೆ ಒಣಗಿ ಕಂಡಿತು, ಹೆಡ್ ಕೂರಿಸಿ ಟಾರ್ಕ್ ಮಾಡುತ್ತ ಬಂದೆ. ಏಳನೆಯದೋ ಎಂಟನೆಯದೋ ಬೋಲ್ಟಿಗೆ ಟಣ್ ಅಂತ ಒಂದು ಸದ್ದು, ತೆಂಗಿನಕಾಯಿ ಒಡೆದ ಹಾಗೆ. ತಳದಲ್ಲಿ ಉಳಿದಿದ್ದ ಒಂದೆರಡು ಚಮಚ ನೀರಿಗೆ ಹೋಗಲು ಜಾಗವಿಲ್ಲ, ಬೋಲ್ಟು ಇಳಿದಂತೆ ಅಲ್ಯುಮಿನಿಯಂ ಬ್ಲಾಕನ್ನೇ ಸೀಳಿತ್ತು. ಅದರ ಬೆಲೆ ನನ್ನ ಸಂಬಳದಲ್ಲಿ ಹನ್ನೊಂದು ತಿಂಗಳು ಕಟ್ಟಾಯಿತು. ಅವತ್ತಿನಿಂದ ತೂತಿನ ತಳಕ್ಕೆ ಮುಟ್ಟುವ ಉದ್ದ ಮೂತಿಯ ಏರ್ ಗನ್ ಇಲ್ಲದೆ ನಾನು ಹೆಡ್ ಮುಟ್ಟಿಲ್ಲ. ಪ್ರತಿ ತೂತಿಗೂ ಗಾಳಿ ಹೊಡೆಯಿರಿ, ಮೂತಿಯ ಸುತ್ತ ಬಟ್ಟೆ ಹಿಡಿಯಿರಿ, ಕಣ್ಣಿಗೆ ಕನ್ನಡಕ ಇರಲಿ. ಆಮೇಲೆ ಒಂದು ಹಳೇ ಬೋಲ್ಟಿಗೆ ಉದ್ದಕ್ಕೆ ಎರಡು ಸೀಳು ಕೊಯ್ದು ಕೈಯಲ್ಲೇ ಒಳಗೆ ತಿರುಗಿಸಿ ತೆಗೆಯಿರಿ, ಥ್ರೆಡ್ಡಿನ ಕೊಳೆ ಸೀಳಿನಲ್ಲಿ ಬರುತ್ತದೆ. ಥ್ರೆಡ್ ಕೊರೆಯುವ ಟ್ಯಾಪ್ ಹಾಕಬೇಡಿ, ಅದು ಥ್ರೆಡ್ಡನ್ನೇ ಕೆತ್ತುತ್ತದೆ. ಮತ್ತೆ ಗಾಳಿ. ಟಿಶ್ಯೂ ಸುರುಳಿ ಇಳಿಸಿ ತೆಗೆದರೆ ಒಣಗಿ ಬರಬೇಕು.

ಬ್ಲಾಕಿನ ಮುಖಕ್ಕೆ ಅಂಟಿದ ಹಳೇ ಗ್ಯಾಸ್ಕೆಟ್ಟನ್ನು ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಲ್ಲೇ ತೆಗೆಯಿರಿ. ಗ್ರೈಂಡರಿಗೆ ಉಜ್ಜುವ ಬಿಲ್ಲೆ ಹಾಕಿ ಮಿರಮಿರ ಮಿಂಚಿಸುವ ಆಸೆ ಆಗುತ್ತದೆ, ನನಗೂ ಆಗುತ್ತಿತ್ತು. ಅದರ ಪುಡಿ ಆಯಿಲಿಗೆ ಸೇರಿ ಬೇರಿಂಗ್ ತಿನ್ನುತ್ತದೆ. ಜಿಎಂ ಕಂಪನಿಯೇ ತನ್ನ ವರ್ಕ್‌ಶಾಪುಗಳಿಗೆ ಈ ಬಗ್ಗೆ ಎಚ್ಚರಿಕೆ ಕಳಿಸಿತ್ತು.

ಹೆಡ್ ಬೋಲ್ಟ್ ಹೊಸದೇ ಯಾಕೆ ಅಂದರೆ ಇವು ಹಿಗ್ಗಿ ಹಿಡಿಯುವ ಬೋಲ್ಟುಗಳು, ಒಂದು ಸಲ ಹಿಗ್ಗಿದ್ದು ಮತ್ತೆ ಅದೇ ಬಿಗಿ ಕೊಡುವುದಿಲ್ಲ. ಕಣ್ಣಿಗೆ ಏನೂ ಕಾಣಿಸುವುದಿಲ್ಲ. 2002ರ ಬ್ಲಾಕಿನಲ್ಲಿ ಒಂದು ಹೆಡ್ಡಿಗೆ ದಪ್ಪನೆಯವು ಹತ್ತು: ಎಂಟು ಉದ್ದ, ಎರಡು ಗಿಡ್ಡ. ಎಲ್ಲಕ್ಕೂ ನಡುವಿನಿಂದ ಶುರು ಮಾಡಿ ಮೊದಲು 22 ಪೌಂಡ್-ಅಡಿ, ಎರಡನೇ ಸುತ್ತು 90 ಡಿಗ್ರಿ, ಮೂರನೇ ಸುತ್ತು ಉದ್ದದ್ದಕ್ಕೆ 90, ಗಿಡ್ಡದ್ದಕ್ಕೆ 50. ಒಳಸಾಲಿನ ಐದು ಸಣ್ಣವಕ್ಕೆ ಬರೀ 22. 2004ರಿಂದೀಚಿನ ಬ್ಲಾಕಿಗೆ ಬೋಲ್ಟೂ ಬೇರೆ, ಡಿಗ್ರಿಯೂ ಬೇರೆ. ಅದರ ಅಂಕಿ ನೋಡಿ ಇದಕ್ಕೆ ಹಾಕಬೇಡಿ. ಗ್ಯಾಸ್ಕೆಟ್ ಒಣಗಿದ್ದೇ ಕೂರಲಿ, ಯಾವ ಪೇಸ್ಟೂ ಬೇಡ.

ಹೆಡ್ ಎತ್ತಿದಾಗಲೇ ಹದಿನಾರು ಲಿಫ್ಟರ್ ಮತ್ತು ಅವನ್ನು ಹಿಡಿದ ನಾಲ್ಕು ಪ್ಲಾಸ್ಟಿಕ್ ಟ್ರೇ ಬದಲಿಸಿ. ಆಮೇಲೆ ಬೇಕೆಂದರೆ ಮತ್ತೆ ಹೆಡ್ ಇಳಿಸಬೇಕು. ಇನ್‌ಟೇಕಿನ ಕೆಳಗಿರುವ ನಾಕ್ ಸೆನ್ಸರ್ ಎರಡನ್ನೂ ನೋಡಿ, ನೀರು ನಿಂತು ತುಕ್ಕು ಹಿಡಿದಿರುತ್ತವೆ. ಕ್ಯಾಮ್ ತಿರುಗಿಸುವ ಚೈನ್ ಬದಲಿಸಲು ಆಯಿಲ್ ಪಂಪ್ ಬಿಚ್ಚಲೇಬೇಕು, ವಾಪಸ್ ಹಾಕುವಾಗ ಪಿಕಪ್ ಕೊಳವೆಯ ಓ-ರಿಂಗ್ ಹೊಸದಿರಲಿ, ಆಯಿಲ್ ಸವರಿ ನೇರಕ್ಕೆ ತೂರಿಸಿ. ಅದು ಚಿವುಟಿಕೊಂಡರೆ ಪಂಪ್ ಗಾಳಿ ಹೀರುತ್ತದೆ, ಹೊಸ ಎಂಜಿನ್ನಿನ ಆಯಿಲ್ ಪ್ರೆಷರ್ ಬೀಳುತ್ತದೆ, ನೀವು ತಿಂಗಳುಗಟ್ಟಲೆ ಬೇರೆ ಎಲ್ಲೋ ಹುಡುಕುತ್ತೀರಿ. ಕ್ರ್ಯಾಂಕ್ ಪುಲ್ಲಿಗೆ ಕೀಲಿ ಇಲ್ಲ, ಬರೀ ಬಿಗಿತದಲ್ಲೇ ನಿಂತಿದೆ. ಸುತ್ತಿಗೆ ತೋರಿಸಬೇಡಿ. ಪುಲ್ಲರನ್ನು ಅಲ್ಲಿನ ಆಟೋಪಾರ್ಟ್ಸ್ ಅಂಗಡಿಗಳು ಡಿಪಾಸಿಟ್ ಕಟ್ಟಿಸಿಕೊಂಡು ಎರವಲು ಕೊಡುತ್ತವೆ. ಕೂರಿಸುವಾಗ ಹಳೇ ಬೋಲ್ಟಿನಲ್ಲಿ 240 ಪೌಂಡ್-ಅಡಿವರೆಗೆ ಎಳೆದು ಪುಲ್ಲಿಯನ್ನು ಜಾಗಕ್ಕೆ ತಂದು, ಅದನ್ನು ತೆಗೆದು ಹೊಸ ಬೋಲ್ಟಿಗೆ 37, ಆಮೇಲೆ 140 ಡಿಗ್ರಿ.

ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಪ್ಲಗ್ಗುಗಳನ್ನು ಬಿಚ್ಚಿ, ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಆಯಿಲ್ ಮುಳ್ಳು ಏಳುವವರೆಗೆ ಸ್ಟಾರ್ಟರ್ ಹೊಡೆಯಿರಿ. ಅದಕ್ಕೂ ಮುಂಚೆ ಕಂಪ್ಯೂಟರಿಗೆ ಹೊಸ ಕ್ಯಾಮಿಗೆ ತಕ್ಕ ಒಂದು ಕಚ್ಚಾ ಟ್ಯೂನ್ ಹಾಕಿಸಿ. ಹಳೇ ಟ್ಯೂನಿನಲ್ಲಿ ಗಾಡಿ ಸರಿಯಾಗಿ ಐಡಲ್ ನಿಲ್ಲುವುದಿಲ್ಲ, ನೀವು ಹೆದರಿ ಎಲ್ಲ ವಾಪಸ್ ಬಿಚ್ಚುತ್ತೀರಿ. ಪೆಟ್ರೋಲ್ ಚಿಮ್ಮಿಸುವ ಕಂಪನಿ ಇಂಜೆಕ್ಟರ್ ತನ್ನ ಶಕ್ತಿಯ ಅಂಚಿಗೆ ಬರುತ್ತದೆ, ಅದಕ್ಕೂ ದುಡ್ಡು ತೆಗೆದಿಡಿ. ಎಲ್ಲ ಸರಿಯಾದರೆ ಚಕ್ರದಲ್ಲಿ ಮುನ್ನೂರು ಚಿಲ್ಲರೆ ಇದ್ದ ಕುದುರೆ (ಹಾರ್ಸ್‌ಪವರ್) ನಾನೂರು ದಾಟುತ್ತದೆ. ಆಮೇಲೆ ಕ್ಲಚ್ ಜಾರುತ್ತದೆ. ಅದನ್ನು ಸರಿ ಮಾಡಿದರೆ ಹಿಂದಿನ ಆಕ್ಸಲ್, ಆ ಗಾಡಿಯ ಹತ್ತು ಬೋಲ್ಟಿನ ಆಕ್ಸಲ್ ಮೊದಲೇ ಮೆತ್ತಗೆ. ಮನೆಯವರಿಗೆ ಈ ಭಾಗ ಓದಿಸಬೇಡಿ.

ಕೊನೆಗೊಂದು ಮಾತು, ನೀವು ಕೇಳಿಲ್ಲ. ಸಾಫ್ಟ್‌ವೇರ್ ಕೆಲಸ ಅಂದಿರಿ, ನಾಳೆ ಕ್ಯಾಲಿಫೋರ್ನಿಯಾಕ್ಕೆ ಹೋದರೂ ಹೋದಿರಿ. ಮಿಷಿಗನ್‌ನಲ್ಲಿ ವರ್ಷ ವರ್ಷ ಹೊಗೆ ತಪಾಸಣೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದೆ, ಅಲ್ಲಿನ ವಾಯು ಮಂಡಳಿ ಒಪ್ಪಿ ನಂಬರ್ ಕೊಡದ ಕ್ಯಾಮ್ ಇದ್ದರೆ ಗಾಡಿ ಪಾಸಾಗುವುದಿಲ್ಲ. ಕಂಪನಿಯ ಕ್ಯಾಮ್, ಹಳೇ ಹೆಡ್ಡುಗಳಿಗೆ ಆಯಿಲ್ ಸವರಿ ಸುತ್ತಿ ಅಟ್ಟದ ಮೇಲಿಡಿ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮಾತ್ರ ಯಾವ ರಾಜ್ಯದಲ್ಲೂ ತೆಗೆಯುವಂತಿಲ್ಲ, ಅದು ಕೇಂದ್ರದ ಕಾನೂನು.

ಪ್ರಶ್ನೆ: ಸರ್, ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಅಮೆರಿಕನ್ ವಿ8 ಗಾಡಿಗಳು ನಿಂತಲ್ಲೇ ಕುಂಟುತ್ತ ಡುಗುಡುಗು ಅನ್ನುತ್ತವಲ್ಲ, ಅದು ಪವರಿನ ಸದ್ದೇ? (ಮಂಗಳೂರು)

ಉತ್ತರ: ಅಲ್ಲಪ್ಪಾ, ಅದು ಅಜೀರ್ಣದ ಸದ್ದು. ಎಕ್ಸಾಸ್ಟ್ ಪೂರ್ತಿ ಮುಚ್ಚುವ ಮುಂಚೆ ಇನ್‌ಟೇಕ್ ತೆರೆದುಕೊಂಡರೆ ಎರಡೂ ಒಟ್ಟಿಗೆ ತೆರೆದಿರುವ ಒಂದು ಗಳಿಗೆ ಇರುತ್ತದೆ, ಅದು ಓವರ್‌ಲ್ಯಾಪ್. ಎಂಜಿನ್ ನಿಧಾನ ತಿರುಗುವಾಗ ಸುಟ್ಟ ಹೊಗೆ ಇನ್‌ಟೇಕಿಗೆ ವಾಪಸ್ ನುಗ್ಗಿ ಹೊಸ ಗಾಳಿಗೆ ಬೆರೆಯುತ್ತದೆ. ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತದೆ, ಮುಂದಿನದು ಅರ್ಧಂಬರ್ಧ. ಆ ಏರುಪೇರೇ ನಿನಗೆ ಕೇಳಿಸುವುದು. ಎಂಜಿನ್ ವೇಗ ಹತ್ತಿದಾಗ ಅದೇ ಓವರ್‌ಲ್ಯಾಪ್ ಉಪಕಾರಕ್ಕೆ ಬರುತ್ತದೆ: ಹೊರಗೆ ಓಡುವ ಹೊಗೆ ಹಿಂದಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ.

ಲೆಕ್ಕ ಮಾಡಿ ನೋಡು. ಎರಡು ಡ್ಯುರೇಶನ್ ಕೂಡಿಸಿ ಅರ್ಧ ಮಾಡಿ, ಅದರಿಂದ ಲೋಬ್ ಸೆಪರೇಶನ್ನಿನ ಎರಡರಷ್ಟನ್ನು ಕಳೆ. 2002ರ ಕಾರ್ವೆಟ್ ಝಡ್06ರ ಎಲ್‌ಎಸ್6 ಕ್ಯಾಮ್ 204/218, ಸೆಪರೇಶನ್ 117.5. 211ರಿಂದ 235 ಕಳೆದರೆ ಮೈನಸ್ 24. ಕಂಪನಿಯೇ 405 ಕುದುರೆ ಅಂತ ಬರೆದುಕೊಟ್ಟ ಎಂಜಿನ್ ಅದು, ಆದರೂ ಐಡಲಿನಲ್ಲಿ ಸಾಧು ಹಸು. ಮೇಲಿನ ಪತ್ರದ 228/230, 112ರ ಕ್ಯಾಮಿಗೆ ಪ್ಲಸ್ 5. ಅದು ಕುಂಟುತ್ತದೆ. ಈ ಅಂಕಿಗಳೆಲ್ಲ ಲಿಫ್ಟರ್ 50 ಥೌ ಎದ್ದಲ್ಲಿಂದ ಅಳೆದದ್ದು, ಅದಕ್ಕೇ ಮೈನಸ್ ಬಂದರೂ ಗಾಬರಿ ಬೇಡ. ಸದ್ದಿಗೋಸ್ಕರ ಕ್ಯಾಮ್ ಆರಿಸಿದವರ ಗಾಡಿಯಲ್ಲಿ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಬಿದ್ದು ಬ್ರೇಕ್ ಪೆಡಲ್ ಕಲ್ಲಾದದ್ದನ್ನು ನಾನು ನೋಡಿದ್ದೇನೆ.

ಪ್ರಶ್ನೆ: ನಮ್ಮ ತೋಟದಲ್ಲಿ ಒಂದು ಎಸ್ಟೀಮ್ ಇದೆ, 1298 ಸಿಸಿಯ 85 ಕುದುರೆಯದು. ರ‍್ಯಾಲಿಗೆ ಇಳಿಸೋಣ ಅಂತ. ಹೆಡ್ ಪೋರ್ಟಿಂಗ್ (ಹೆಡ್ಡಿನ ಗಾಳಿ ದಾರಿ ಕೆತ್ತಿಸುವುದು) ಮಾಡಿಸಿ ದೊಡ್ಡ ಕ್ಯಾಮ್ ಹಾಕಿಸಿದರೆ ಹೇಗೆ? (ಮೂಡಿಗೆರೆ)

ಉತ್ತರ: ಮೊದಲು ಯಾವ ಕ್ಲಾಸಿನಲ್ಲಿ ಇಳಿಸುತ್ತೀರಿ ಅಂತ ತೀರ್ಮಾನಿಸಿ, ಎಫ್‌ಎಂಎಸ್‌ಸಿಐ (ಭಾರತದ ಮೋಟಾರು ಕ್ರೀಡಾ ಒಕ್ಕೂಟ) ನಿಯಮ ತರಿಸಿ ಓದಿ. ಕೆಲವು ಕ್ಲಾಸಿನಲ್ಲಿ ಕ್ಯಾಮ್ ಮುಟ್ಟುವಂತೆಯೇ ಇಲ್ಲ. ಮುಟ್ಟಬಹುದಾದರೂ ದೊಡ್ಡದು ಬೇಡ. ನಿಮ್ಮ ಕಡೆಯ ತೋಟದ ರಸ್ತೆ ನಿಮಗೇ ಗೊತ್ತಲ್ಲ: ಕೆಂಪು ಮಣ್ಣು, ಹೆಜ್ಜೆಗೊಂದು ತಿರುವು, ಎರಡನೇ ಗೇರು, ಮತ್ತೆ ಎರಡನೇ ಗೇರು. ಅಲ್ಲಿ ಬೇಕಾದದ್ದು ಮೂರು ಸಾವಿರ ಆರ್‌ಪಿಎಮ್ಮಿನಲ್ಲಿ ಎಳೆತ. ದೊಡ್ಡ ಕ್ಯಾಮ್ ಕೊಡುವುದೆಲ್ಲ ಮೇಲೆ, ಅಷ್ಟೊತ್ತಿಗೆ ಮುಂದಿನ ತಿರುವು ಬಂದಿರುತ್ತದೆ. ಪೋರ್ಟಿನ ಒಳಗೆ ಎರಕದ ಒರಟು ಮಾತ್ರ ತೆಗೆಸಿ, ಅಗಲ ಮಾಡಿಸಬೇಡಿ, ಗಾಳಿಯ ವೇಗ ಬೀಳುತ್ತದೆ. ಒಳ್ಳೇ ವಾಲ್ವ್ ಸೀಟ್ ಕೆಲಸ ಮಾಡಿಸಿ. ಉಳಿದ ದುಡ್ಡು ಸಸ್ಪೆನ್ಷನ್ನಿಗೆ, ಟೈರಿಗೆ.

ಆ ಗಾಡಿಯನ್ನು ಸಂತೆಗೂ ಮದುವೆಗೂ ಓಡಿಸುವ ಯೋಚನೆ ಇದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೆನಪಿರಲಿ. ತಯಾರಕರು ಕೊಟ್ಟು ನೋಂದಣಿಯಲ್ಲಿ ಬರೆದ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದು ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಖಡಕ್ಕಾಗಿ ಹೇಳಿದೆ. ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಇದೆ, ಜೈಲೂ ಇದೆ.

ಪ್ರಶ್ನೆ: ನಮ್ಮ ತಂದೆಯವರ 1978ರ ಅಂಬಾಸಿಡರ್, 1489 ಸಿಸಿ ಪೆಟ್ರೋಲ್. ಕ್ಯಾಮ್ ಸವೆದಿದೆ. ಹೊಸ ಕ್ಯಾಮ್ ಸಿಕ್ಕಿದೆ, ಟ್ಯಾಪೆಟ್ ಹಳೇದೇ ಇರಲಿ ಅಂತಾರೆ ನಮ್ಮ ಮೆಕ್ಯಾನಿಕ್. ನಡೆಯುತ್ತದಾ? (ಹಾವೇರಿ)

ಉತ್ತರ: ನಡೆಯುವುದಿಲ್ಲ. ಮಿಷಿಗನ್‌ನವರ ಎಂಜಿನ್ನಿನಲ್ಲಿ ಲಿಫ್ಟರಿಗೆ ಉರುಳುವ ಚಕ್ರ ಇದೆ, ನಿಮ್ಮದರಲ್ಲಿ ಟ್ಯಾಪೆಟ್ಟಿನ ತಳ ಕ್ಯಾಮಿನ ಮೇಲೆ ಉಜ್ಜಿಕೊಂಡೇ ಓಡುತ್ತದೆ. ಉಜ್ಜಿ ಉಜ್ಜಿ ಒಂದಕ್ಕೊಂದು ಹೊಂದಿಕೊಂಡ ಜೋಡಿ ಅದು. ಹಳೇ ಟ್ಯಾಪೆಟ್ ಹೊಸ ಕ್ಯಾಮನ್ನು ಕೆಲವೇ ತಿಂಗಳಲ್ಲಿ ತಿಂದು ಹಾಕುತ್ತದೆ. ಎಂಟೂ ಹೊಸದು ಹಾಕಿಸಿ. ಎಂಜಿನ್ ಪಕ್ಕದ ಮುಚ್ಚಳ ತೆಗೆದರೆ ಟ್ಯಾಪೆಟ್ ಕೈಗೆ ಸಿಗುತ್ತವೆ, ದೊಡ್ಡ ಕೆಲಸವೇನಲ್ಲ. ತಳಕ್ಕೂ ಲೋಬಿಗೂ ಅಸೆಂಬ್ಲಿ ಗ್ರೀಸ್ ಧಾರಾಳ ಸವರಿಸಿ, ಜಿಂಕ್ ಜಾಸ್ತಿ ಇರುವ ಆಯಿಲ್ ಹಾಕಿಸಿ. ಸ್ಟಾರ್ಟ್ ಆದ ಕೂಡಲೇ ಐಡಲಿಗೆ ಬಿಡದೆ 2000 ಆರ್‌ಪಿಎಮ್ಮಿನಲ್ಲಿ ಇಪ್ಪತ್ತು ನಿಮಿಷ ಹಿಡಿಯಬೇಕು, ಆಯಿಲ್ ಎರಚಿ ಲೋಬಿಗೆ ಬೀಳುವುದೇ ಆ ವೇಗದಲ್ಲಿ. ಅಷ್ಟು ಹೊತ್ತು ರೇಡಿಯೇಟರಿಗೆ ನೀರು ಹಿಡಿದುಕೊಂಡು ಒಬ್ಬರು ಪಕ್ಕದಲ್ಲೇ ನಿಂತಿರಲಿ, ತಂದೆಯವರಾದರೆ ಇನ್ನೂ ಒಳ್ಳೆಯದು. ಆ ಗಾಡಿ ಕಾಯುವ ಹೊತ್ತು ಅವರಿಗೆ ಮುಳ್ಳು ನೋಡದೆಯೇ ಗೊತ್ತಿರುತ್ತದೆ.